ನಕ್ಷೆಯಲ್ಲಿ ಇದ್ದದ್ದು, ನಕ್ಷೆಯಲ್ಲಿ ಇಲ್ಲದ್ದು

ಇಂಗ್ಲಿಷ್ ಬರುತ್ತದೋ ಇಲ್ಲವೋ ಎಂದು ನೋಡುವ ಪರೀಕ್ಷೆಯಲ್ಲಿ ನಕ್ಷೆಗೇನು ಕೆಲಸ? ಐಇಎಲ್‌ಟಿಎಸ್‌ಗೆ ಓದಲು ಕೂತವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ವ್ಯಾಕರಣ ಕಲಿಯಬಹುದು, ಪದಗಳನ್ನು ಬಾಯಿಪಾಠ ಮಾಡಬಹುದು, ಪ್ರಬಂಧಕ್ಕೆ ನಾಲ್ಕು ಅಂಶ ಹೊಂದಿಸಿಕೊಳ್ಳಬಹುದು. ಆದರೆ ಪುಟ ತಿರುವಿದರೆ ಯಾವುದೋ ದೇಶದ ಯಾವುದೋ ಪಾರ್ಕಿನ ನಕ್ಷೆ, ಮೂಲೆಯಲ್ಲೊಂದು ಬಾಣದ ಗುರುತು, ಅಲ್ಲಲ್ಲಿ ಎ, ಬಿ, ಸಿ, ಡಿ. ಇಲ್ಲವೇ ಕಾರ್ಖಾನೆಯೊಂದರ ಚಿತ್ರ, ಅದರ ತುಂಬ ಬಾಣಗಳು. 'ಇದೆಲ್ಲ ಸೈನ್ಸ್ ಓದಿದವರಿಗೆ, ನಮಗಲ್ಲ' ಎಂದು ಅಲ್ಲೇ ಕೈಚೆಲ್ಲುವವರನ್ನು ನಾವು ಬಹಳ ಕಂಡಿದ್ದೇವೆ. ಈ ಬರಹ ಅವರಿಗಾಗಿ.

ನಾವು ಅಂದರೆ ಗ್ರಾಮೀಣ ಪತ್ರಿಕೋದ್ಯಮ ಓದಿದ ನಾಲ್ವರು. ಮೂವರು ಕರಾವಳಿಯವರು, ಒಬ್ಬ ಶಿಡ್ಲಘಟ್ಟದ ಕಡೆಯವನು. ಹತ್ತನೆಯ ತರಗತಿಯವರೆಗೆ ಎಲ್ಲರದೂ ಕನ್ನಡ ಮಾಧ್ಯಮ. ಇಬ್ಬರಿಗೆ ಹೊರದೇಶದಲ್ಲಿ ಓದು ಮುಂದುವರಿಸುವ ಆಸೆ, ಉಳಿದಿಬ್ಬರು ಜೊತೆಗೆ ಕೂತವರು. ನಡುವೆ ನಮ್ಮಲ್ಲೊಬ್ಬನ ಅಕ್ಕನೂ ಸೇರಿಕೊಂಡರು. ಅವರು ನರ್ಸ್. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಈ ಪರೀಕ್ಷೆಯನ್ನು ಆರಿಸಿಕೊಂಡವರಿಗೆ ಕೇಳುವುದು, ಓದುವುದು, ಮಾತಾಡುವುದು ಈ ಮೂರರಲ್ಲಿ 7, ಬರೆಯುವುದರಲ್ಲಿ 6.5 ಬೇಕು. ಅಕ್ಕ ಮೂರರಲ್ಲಿ 7 ಮುಟ್ಟಿದ್ದರು. ಬರವಣಿಗೆ 6ಕ್ಕೆ ನಿಂತಿತ್ತು. ಬೇಕಾಗಿದ್ದದ್ದು ಅರ್ಧ ಬ್ಯಾಂಡ್. ಅದಕ್ಕಾಗಿ ಮತ್ತೆ ಕಟ್ಟಬೇಕಾದದ್ದು 16 ಸಾವಿರ ರೂಪಾಯಿ ದಾಟಿದ ಶುಲ್ಕ. ಮೊದಲ ಸಲದ ಕೋಚಿಂಗ್‌ಗೆಂದು ಸೊಸೈಟಿಯಲ್ಲಿ ತೆಗೆದ ಸಾಲದ ಕಂತು ಇನ್ನೂ ನಡೆಯುತ್ತಿತ್ತು. ಆ ಅರ್ಧ ಬ್ಯಾಂಡ್ ಎಲ್ಲಿ ಹೋಗುತ್ತಿದೆ ಎಂದು ಹುಡುಕಿದಾಗ ಅನುಮಾನ ಹೋಗಿ ನಿಂತದ್ದು ನಕ್ಷೆಯ ಹತ್ತಿರ. 'ಪ್ರಬಂಧ ಹೇಗೋ ಬರೀತೇನೆ ಮಾರಾಯ, ಈ ಚಿತ್ರ ಕಂಡ್ರೆ ಕೈ ನಡುಗ್ತದೆ' ಎನ್ನುತ್ತಿದ್ದರು ಅಕ್ಕ. ಇಂಜೆಕ್ಷನ್ ಕೊಡುವಾಗ ನಡುಗದ ಕೈ.

ನಕ್ಷೆ ಮತ್ತು ಚಿತ್ರಗಳು ಈ ಪರೀಕ್ಷೆಯಲ್ಲಿ ಮೂರು ಕಡೆ ಬರಬಹುದು. ಕೇಳುವ ಭಾಗದಲ್ಲಿ ನಕ್ಷೆಯ ಮೇಲೆ ಜಾಗ ಗುರುತಿಸುವುದು. ಓದುವ ಭಾಗದಲ್ಲಿ ಚಿತ್ರದ ಖಾಲಿ ಜಾಗಗಳಿಗೆ ಹೆಸರು ತುಂಬುವುದು. ಬರೆಯುವ ಭಾಗದ ಮೊದಲ ಪ್ರಶ್ನೆಯಲ್ಲಿ ನಕ್ಷೆಯನ್ನೋ ತಯಾರಿಕೆಯ ಚಿತ್ರವನ್ನೋ ಮಾತಿನಲ್ಲಿ ವಿವರಿಸುವುದು. ಈ ಮೂರನೆಯದು ಅಕಾಡೆಮಿಕ್ ಪರೀಕ್ಷೆಯವರಿಗೆ ಮಾತ್ರ; ಜನರಲ್ ಟ್ರೇನಿಂಗ್ ತೆಗೆದುಕೊಂಡವರು ಆ ಜಾಗದಲ್ಲಿ ಪತ್ರ ಬರೆಯುತ್ತಾರೆ. ಪ್ರತಿ ಸಲವೂ ಮೂರೂ ಬರುತ್ತವೆ ಎಂದಲ್ಲ, ಗ್ರಾಫು, ಕೋಷ್ಟಕಗಳೂ ಇವೆ. ಆದರೆ ಯಾವುದು ಬರುತ್ತದೆ ಎಂದು ಮೊದಲೇ ಹೇಳುವವರು ಯಾರೂ ಇಲ್ಲ.

ಕೇಳುವ ಭಾಗದಿಂದ ಶುರು ಮಾಡೋಣ. ನಾಲ್ಕು ಭಾಗ, 40 ಪ್ರಶ್ನೆ, ಸುಮಾರು 30 ನಿಮಿಷ. ಧ್ವನಿ ಒಂದೇ ಸಲ ಕೇಳಿಸುತ್ತಾರೆ. ನಕ್ಷೆ ಹೆಚ್ಚಾಗಿ ಎರಡನೆಯ ಭಾಗದಲ್ಲಿರುತ್ತದೆ. ಅಲ್ಲಿ ಒಬ್ಬರೇ ಮಾತಾಡುತ್ತಾರೆ: ಪಾರ್ಕು, ಮ್ಯೂಸಿಯಂ, ಹೊಸದಾಗಿ ಕಟ್ಟಿದ ಕ್ರೀಡಾ ಕೇಂದ್ರ, ಇಂಥದ್ದರ ಬಗ್ಗೆ ಬಂದವರಿಗೆ ದಾರಿ ಹೇಳುವ ಮಾತು. ಕೇಳುತ್ತಾ ಕೇಳುತ್ತಾ ಯಾವ ಕಟ್ಟಡ ಯಾವ ಅಕ್ಷರ ಎಂದು ಗುರುತಿಸಬೇಕು.

ಕೆಲಸ ಇಷ್ಟೇ, ದಾರಿ ಕೇಳುವುದು. ಇದರಲ್ಲಿ ನಮಗಿರುವಷ್ಟು ಅಭ್ಯಾಸ ಯಾರಿಗಿದೆ? ಕರಾವಳಿಯಲ್ಲಿ ದಿಕ್ಕು ಎಂಬುದು ಭೂಗೋಳದ ಪುಸ್ತಕದ ವಿಷಯವಲ್ಲ, ಬಾಯಲ್ಲಿ ಓಡಾಡುವ ಮಾತು. ತುಳುವಿನಲ್ಲಿ ಮೂಡಾಯಿ, ಪಡ್ಡಾಯಿ, ಬಡಕಾಯಿ, ತೆನ್ಕಾಯಿ. ಕನ್ನಡದಲ್ಲಿ ಮೂಡು, ಪಡು, ಬಡಗು, ತೆಂಕು. ಊರಿನ ಹೆಸರಲ್ಲೇ ದಿಕ್ಕು ಕೂತಿದೆ: ಮೂಡಬಿದಿರೆ, ಪಡುಬಿದ್ರಿ, ತೆಂಕ ಎಡಪದವು, ಬಡಗ ಎಡಪದವು. ಯಕ್ಷಗಾನಕ್ಕೂ ತೆಂಕುತಿಟ್ಟು, ಬಡಗುತಿಟ್ಟು. ಹೀಗೆ ಬೆಳೆದವರಿಗೆ ಈಸ್ಟ್, ವೆಸ್ಟ್ ಎಂದೊಡನೆ ಎದೆ ಬಡಿದುಕೊಳ್ಳುವುದು ದಿಕ್ಕು ಗೊತ್ತಿಲ್ಲದೆ ಅಲ್ಲ. ಗೊತ್ತಿರುವುದನ್ನು ಇಂಗ್ಲಿಷಿಗೆ ದಾಟಿಸುವಾಗ ಅರೆಕ್ಷಣ ತಡವಾಗುತ್ತದೆ, ಅಷ್ಟರಲ್ಲಿ ಮಾತಾಡುವವರು ಮುಂದಿನ ಕಟ್ಟಡಕ್ಕೆ ಹೋಗಿರುತ್ತಾರೆ.

ಅದಕ್ಕೆ ನಾವು ಮಾಡಿಕೊಂಡ ಉಪಾಯ ಸರಳ. ನಕ್ಷೆ ಕಂಡೊಡನೆ ಬಾಣದ ಗುರುತು ನೋಡಿ ಪಶ್ಚಿಮದ ಅಂಚಿನಲ್ಲಿ 'ಕ', ಪೂರ್ವದ ಅಂಚಿನಲ್ಲಿ 'ಘ' ಎಂದು ಬರೆಯುವುದು. ಕಡಲು, ಘಟ್ಟ. ವೆಸ್ಟ್ ಎಂದರೆ ಕಡಲ ಕಡೆ, ಈಸ್ಟ್ ಎಂದರೆ ಘಟ್ಟದ ಕಡೆ. ನಡುವೆ ಅನುವಾದವೇ ಬೇಡ. ಶಿಡ್ಲಘಟ್ಟದವನಿಗೆ ಕಡಲಿಲ್ಲ, ಅವನು 'ನ' ಬರೆದುಕೊಂಡ. ಅವನ ಊರಿಗೆ ನಂದಿ ಬೆಟ್ಟ ಇರುವುದು ಪಶ್ಚಿಮಕ್ಕೆ. ನಿಮ್ಮೂರಿಗೆ ಯಾವ ಕಡೆ ಹೊಳೆ, ಯಾವ ಕಡೆ ಗುಡ್ಡ ಎಂದು ನಿಮಗೆ ಗೊತ್ತೇ ಇದೆ. ಅದನ್ನೇ ಬಳಸಿ. ಕಂಪ್ಯೂಟರಿನಲ್ಲಿ ಬರೆಯುವವರು ಇದನ್ನು ಟಿಪ್ಪಣಿಗೆ ಕೊಡುವ ಹಾಳೆಯಲ್ಲಿ ಬರೆದುಕೊಳ್ಳಬಹುದು.

ಎಡ-ಬಲ ಬಂದಾಗ ಮಾತ್ರ ಎಚ್ಚರ ಬೇಕು. ಮಾತು ಎಲ್ಲಿಂದ ಹೊರಡುತ್ತದೆ ಎಂಬುದನ್ನು ಮೊದಲು ಹುಡುಕಿ, ಅಲ್ಲಿ ನೀವೇ ನಿಂತುಕೊಳ್ಳಿ. ಬಾಗಿಲು ನಕ್ಷೆಯ ಕೆಳಗಿದ್ದರೆ ನಿಮ್ಮ ಬಲಗೈಯೂ ಕಾಗದದ ಬಲವೂ ಒಂದೇ. ಬಾಗಿಲು ಮೇಲಿದ್ದರೆ, ಒಳಗೆ ಬಂದವರ ಬಲಗೈ ಕಾಗದದ ಎಡಕ್ಕೆ ಬರುತ್ತದೆ. ಉತ್ತರಗಳು ಪ್ರಶ್ನೆಯ ಸಂಖ್ಯೆಯ ಕ್ರಮದಲ್ಲೇ ಬರುತ್ತವೆ, ಒಂದು ತಪ್ಪಿತೆಂದು ಅಲ್ಲೇ ಕೂತರೆ ಮುಂದಿನದೂ ಹೋಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ. 'ಕೆಫೆ ಮೊದಲು ಬಾಗಿಲ ಹತ್ತಿರವಿತ್ತು, ಈಗ ಕೊಳದ ಆಚೆಗೆ ಹೋಗಿದೆ' ಎಂಬಂಥ ವಾಕ್ಯಕ್ಕೆ ಕಿವಿ ತೆರೆದಿರಲಿ. ಮೊದಲು ಕೇಳಿದ ಜಾಗವನ್ನೇ ಹಿಡಿದುಕೊಳ್ಳುವವರಿಗಾಗಿ ಇಟ್ಟ ವಾಕ್ಯ ಅದು. 'ಪಾಸ್ಟ್ ದ ಫೌಂಟನ್' ಎಂದರೆ ಕಾರಂಜಿಯನ್ನು ದಾಟಿ ಎಂದರ್ಥ, ಹಿಂದಿನ ಕಾಲದ ಮಾತಲ್ಲ. 'ಫಾರ್ ಎಂಡ್' ಎಂದರೆ ನೀವು ನಿಂತಲ್ಲಿಂದ ಆ ತುದಿ.

ಓದುವ ಭಾಗದ ಚಿತ್ರ ಇದಕ್ಕಿಂತ ಸಾಧು. ಇಲ್ಲಿ ಯಾರೂ ಓಡುತ್ತಿರುವುದಿಲ್ಲ. 60 ನಿಮಿಷ, 40 ಪ್ರಶ್ನೆ, ಪಠ್ಯ ಕಣ್ಣ ಮುಂದೆಯೇ ಇರುತ್ತದೆ. ಯಾವುದೋ ಯಂತ್ರದ ಚಿತ್ರ, ಅದರ ಭಾಗಗಳಿಗೆ ಹೆಸರು ಕೊಡಬೇಕು. ಹೆಸರು ಪಠ್ಯದಲ್ಲೇ ಇದೆ, ಅದನ್ನು ಹಾಗೇ ಎತ್ತಿ ಬರೆಯಬೇಕು. 'ನೋ ಮೋರ್ ದ್ಯಾನ್ ಟೂ ವರ್ಡ್ಸ್' ಎಂದಿದ್ದರೆ ಎರಡೇ ಪದ. ಮೂರು ಬರೆದರೆ ಸರಿಯಾದ ಉತ್ತರವೂ ಸೊನ್ನೆ. ಹೈಫನ್ ಇರುವ ಪದ ಒಂದೇ ಪದವೆಂದು ಲೆಕ್ಕ. ಸ್ಪೆಲಿಂಗ್ ತಪ್ಪಿದರೆ ಅಂಕವಿಲ್ಲ. ಸಾಮಾನ್ಯವಾಗಿ ಇಡೀ ಚಿತ್ರ ಪಠ್ಯದ ಒಂದೆರಡು ಪ್ಯಾರಾಗಳಿಂದಲೇ ಬಂದಿರುತ್ತದೆ. ಆ ಪ್ಯಾರಾ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಬಾವಿಯಿಂದ ನೀರೆತ್ತುವ ಏತವನ್ನು ನೋಡಿದವರಿಗೆ ಒಂದು ತುದಿಗೆ ಭಾರ ಕಟ್ಟಿದರೆ ಇನ್ನೊಂದು ತುದಿ ಏಳುತ್ತದೆ ಎಂಬುದು ಹೊಸ ವಿಷಯವಲ್ಲ. ಮೊದಲು ಯಂತ್ರ ಹೇಗೆ ಓಡುತ್ತದೆ ಎಂದು ಚಿತ್ರದಲ್ಲಿ ನೋಡಿ, ಆಮೇಲೆ ಪದ ಹುಡುಕಿ.

ಅಕ್ಕನ ಅರ್ಧ ಬ್ಯಾಂಡ್ ಇದ್ದದ್ದು ಮೂರನೆಯ ಕಡೆ. ಬರೆಯುವ ಭಾಗದ ಮೊದಲ ಪ್ರಶ್ನೆಗೆ 20 ನಿಮಿಷ, ಕನಿಷ್ಠ 150 ಪದ. ಎರಡನೆಯದಾದ ಪ್ರಬಂಧಕ್ಕೆ 40 ನಿಮಿಷ, 250 ಪದ, ಎರಡು ಪಟ್ಟು ತೂಕ. ತೂಕ ಕಡಿಮೆ ಎಂದು ಮೊದಲನೆಯದನ್ನು ಹಗುರವಾಗಿ ಕಂಡರೆ ಮೂರರಲ್ಲೊಂದು ಪಾಲು ಕೈಬಿಟ್ಟಂತೆ. ಅಕ್ಕ ಹೋಗಿದ್ದ ಕೋಚಿಂಗ್ ಕೇಂದ್ರದಲ್ಲಿ ಒಂದು ಅಚ್ಚು ಕೊಟ್ಟಿದ್ದರು: ಮೊದಲ ವಾಕ್ಯ ಇಂಥದ್ದು, ಕೊನೆಯ ವಾಕ್ಯ ಇಂಥದ್ದು, ನಡುವೆ ಖಾಲಿ ಜಾಗ ತುಂಬಿ. ಪ್ರಶ್ನೆಯಲ್ಲಿದ್ದ ಮಾತನ್ನೇ ಎತ್ತಿ ಬರೆದರೆ ಆ ಪದಗಳು ಲೆಕ್ಕಕ್ಕೇ ಬರುವುದಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ನಾವು ಅಚ್ಚನ್ನು ಬದಿಗಿಟ್ಟು ಅಕ್ಕನಿಗೆ ಅವರ ಮನೆಯ ಜಾಗದ ಪತ್ರ ತರಲು ಹೇಳಿದೆವು. ಕ್ರಯಪತ್ರವೋ ವಿಭಾಗಪತ್ರವೋ ಇರಲಿ, ಅದರಲ್ಲಿ ಚಕ್ಕುಬಂದಿ ಎಂದು ಇರುತ್ತದೆ. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ತೋಡು, ಉತ್ತರಕ್ಕೆ ಪಂಚಾಯತ್ ರಸ್ತೆ, ದಕ್ಷಿಣಕ್ಕೆ ಉಳಿಕೆ ಜಾಗ. ನಾಲ್ಕು ವಾಕ್ಯದಲ್ಲಿ ನಕ್ಷೆ ಮುಗಿಯಿತು. ಚಿತ್ರವೇ ಇಲ್ಲದೆ ಓದಿದವರಿಗೆ ಚಿತ್ರ ಕಾಣುತ್ತದೆ. ಇದನ್ನೇ ಇಂಗ್ಲಿಷಿನಲ್ಲಿ ಕೇಳುತ್ತಿದ್ದಾರೆ, ಬೇರೇನೂ ಅಲ್ಲ.

ಚಕ್ಕುಬಂದಿ ಇನ್ನೊಂದು ಪಾಠವನ್ನೂ ಕಲಿಸಿತು. 'ಇನ್ ದ ಈಸ್ಟ್ ಆಫ್ ದ ವಿಲೇಜ್' ಮತ್ತು 'ಟು ದ ಈಸ್ಟ್ ಆಫ್ ದ ವಿಲೇಜ್' ಎಂಬ ಎರಡರಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕನ್ನಡದಲ್ಲಿ ಈ ಗೊಂದಲವೇ ಇಲ್ಲ. 'ಊರಿನ ಪೂರ್ವದಲ್ಲಿ ಶಾಲೆ ಇದೆ' ಎಂದರೆ ಶಾಲೆ ಊರೊಳಗೆ. 'ಊರಿಂದ ಪೂರ್ವಕ್ಕೆ ಶಾಲೆ ಇದೆ' ಎಂದರೆ ಊರ ಹೊರಗೆ. 'ದಲ್ಲಿ' ಬಂದರೆ ಇನ್, 'ಕ್ಕೆ' ಬಂದರೆ ಟು. ಪುಸ್ತಕದ ಎರಡು ಪುಟದ ವಿವರಣೆ ಅಕ್ಕನಿಗೆ ಒಂದೇ ಉಸಿರಿನಲ್ಲಿ ತಲೆಗೆ ಹೋಯಿತು.

ಬರೆಯುವ ಭಾಗದಲ್ಲಿ ನಕ್ಷೆಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ: ಒಂದು ಜಾಗ ಮೊದಲು ಹೇಗಿತ್ತು, ಈಗ ಹೇಗಿದೆ, ಅಥವಾ ಮುಂದೆ ಹೇಗಾಗಲಿದೆ. ಐದು ಪ್ರಶ್ನೆ ಕೇಳಿಕೊಂಡರೆ ಸಾಕು. ಏನು ಉಳಿಯಿತು? ಏನು ಹೋಯಿತು? ಏನು ಹೊಸದಾಗಿ ಬಂತು? ಏನು ಹಿಗ್ಗಿತು ಅಥವಾ ಕುಗ್ಗಿತು? ಏನು ಜಾಗ ಬದಲಿಸಿತು? ಎರಡೂ ನಕ್ಷೆಗಳಲ್ಲಿ ಹಳೆಯ ಇಸವಿಗಳಿದ್ದರೆ ಭೂತಕಾಲ. ಹಳೆಯದರಿಂದ ಈಗಿನವರೆಗಿನ ಬದಲಾವಣೆಗೆ 'ಹ್ಯಾಸ್ ಬೀನ್', ಮುಂದಿನ ಯೋಜನೆಗೆ 'ವಿಲ್ ಬಿ'. ಕಾಲ ಆರಿಸುವುದಕ್ಕೆ ನಕ್ಷೆಯ ಕೆಳಗಿನ ಇಸವಿಯೇ ಆಧಾರ.

ಇನ್ನು ಸಮಗ್ರ ನೋಟ, ಅವರ ಮಾತಿನಲ್ಲಿ ಓವರ್‌ವ್ಯೂ. ಪ್ರಕಟವಾಗಿರುವ ಬ್ಯಾಂಡ್ ವಿವರಣೆಯಲ್ಲಿ ಇದಕ್ಕೆ ಸ್ಪಷ್ಟ ಜಾಗವಿದೆ. 7 ಬೇಕೆಂದರೆ ಮುಖ್ಯ ಸಂಗತಿಗಳ ಸ್ಪಷ್ಟ ಸಮಗ್ರ ನೋಟ ಕೊಡಬೇಕು. ಕೋಚಿಂಗ್‌ನಲ್ಲಿ ಇದನ್ನು ದೊಡ್ಡ ರಹಸ್ಯದಂತೆ ಹೇಳುತ್ತಾರೆ. ಪತ್ರಿಕೋದ್ಯಮ ಓದಿದವರಿಗೆ ಇದು ಇಂಟ್ರೋ. ಸುದ್ದಿಯ ಮೊದಲ ಪ್ಯಾರಾದಲ್ಲಿ ಇಡೀ ಸುದ್ದಿ ಇರಬೇಕು, ಉಳಿದದ್ದನ್ನು ಓದದಿದ್ದರೂ ವಿಷಯ ತಿಳಿಯಬೇಕು. 'ಕೃಷಿಭೂಮಿಯಾಗಿದ್ದ ಊರು ವಸತಿ ಪ್ರದೇಶವಾಯಿತು, ನಡುವಿನ ಹೊಳೆ ಮಾತ್ರ ಹಾಗೇ ಉಳಿಯಿತು.' ಇಷ್ಟು ಮೊದಲು ಬರಲಿ, ಶಾಲೆ ಎಲ್ಲಿ, ಸೇತುವೆ ಎಲ್ಲಿ ಎಂಬುದು ಆಮೇಲೆ.

ಅಭ್ಯಾಸಕ್ಕೆ ನಾವು ಪುಸ್ತಕದ ನಕ್ಷೆಗಳ ಜೊತೆ ನಮ್ಮದೇ ಪೇಟೆಯ ನಕ್ಷೆಯನ್ನೂ ಬರೆದುಕೊಂಡೆವು. ರಾಷ್ಟ್ರೀಯ ಹೆದ್ದಾರಿ 17 ಎಂದಿದ್ದದ್ದು 66 ಆಗಿ, ನಾಲ್ಕು ಪಥವಾಗಿ ಊರನ್ನು ಸೀಳಿಕೊಂಡು ಹೋದ ಜಾಗ. ಮೊದಲ ನಕ್ಷೆಯಲ್ಲಿ ಅಶ್ವತ್ಥಕಟ್ಟೆ, ಬಸ್ ನಿಲ್ದಾಣ, ಅದರ ಪಕ್ಕ ಶೀನಣ್ಣ ಎಂದು ನಾವೆಲ್ಲ ಕರೆಯುತ್ತಿದ್ದವರ ಚಾ ಅಂಗಡಿ, ರಸ್ತೆಯಾಚೆ ಗದ್ದೆ, ಗದ್ದೆಯಾಚೆ ಶಾಲೆ. ಎರಡನೆಯದರಲ್ಲಿ ನಾಲ್ಕು ಪಥ, ಸರ್ವಿಸ್ ರಸ್ತೆ, ಗದ್ದೆಯ ಜಾಗದಲ್ಲಿ ಪೆಟ್ರೋಲ್ ಬಂಕ್. ಅಕ್ಕ ಬರೆದರು: 'ದ ಟೀ ಶಾಪ್ ಅಂಡ್ ದ ಟ್ರೀ ವರ್ ರಿಮೂವ್ಡ್. ದ ಪ್ಯಾಡಿ ಫೀಲ್ಡ್ ವಾಸ್ ರಿಪ್ಲೇಸ್ಡ್ ಬೈ ಎ ಪೆಟ್ರೋಲ್ ಸ್ಟೇಷನ್.' ಪರೀಕ್ಷೆಯ ಲೆಕ್ಕದಲ್ಲಿ ಚೊಕ್ಕ ವಾಕ್ಯಗಳು.

ಓದಿ ನಾವು ಸ್ವಲ್ಪ ಹೊತ್ತು ಸುಮ್ಮನಿದ್ದೆವು. ನಮ್ಮ ಮೇಷ್ಟ್ರು ವರದಿಗಾರಿಕೆಯ ಮೊದಲ ತರಗತಿಯಲ್ಲೇ ಹಲಗೆಯ ಮೇಲೆ 'ಲಾಯಿತು' ಎಂದು ಬರೆದು ಅದಕ್ಕೆ ಅಡ್ಡಗೆರೆ ಎಳೆದಿದ್ದರು. ಮರಗಳನ್ನು ತೆರವುಗೊಳಿಸಲಾಯಿತು, ಅಂಗಡಿಗಳನ್ನು ಸ್ಥಳಾಂತರಿಸಲಾಯಿತು, ಪರಿಹಾರ ವಿತರಿಸಲಾಯಿತು. 'ಇದು ಪ್ರಕಟಣೆಯ ಭಾಷೆ, ಸುದ್ದಿಯ ಭಾಷೆ ಅಲ್ಲ. ಯಾರು ಕಡಿದ್ರು, ಯಾರಿಗೆ ಹೇಳಿ ಕಡಿದ್ರು, ಕಡಿದದ್ದು ಯಾಕೆ? ಅದನ್ನು ಬರೆಯಿರಿ' ಎಂದಿದ್ದರು. ಈಗ ಪರೀಕ್ಷೆ ಕೇಳುತ್ತಿರುವುದು ಅದೇ 'ಲಾಯಿತು'. ಯಾರು ಎಂದು ಬರೆಯುವಂತಿಲ್ಲ, ಅದು ನಕ್ಷೆಯಲ್ಲಿಲ್ಲ. ಯಾಕೆ ಎಂದು ಊಹಿಸುವಂತಿಲ್ಲ. ಒಳ್ಳೆಯದಾಯಿತೋ ಕೆಟ್ಟದಾಯಿತೋ ಹೇಳುವಂತಿಲ್ಲ. ಶೀನಣ್ಣ ಈಗ ಸರ್ವಿಸ್ ರಸ್ತೆಯ ತುದಿಯಲ್ಲಿ ಶೀಟು ಹಾಕಿಕೊಂಡು ಚಾ ಕೊಡುತ್ತಾರೆ. ಅಲ್ಲಿ ಬಸ್ ನಿಲ್ಲುವುದಿಲ್ಲ. ಅದೂ ನಕ್ಷೆಯಲ್ಲಿಲ್ಲ.

ಈ ವಿಷಯದಲ್ಲಿ ನಮ್ಮೊಳಗೆ ಎರಡು ಸಂಜೆ ವಾದ ನಡೆಯಿತು. ಹೀಗೆ ಬರೆಯಲು ಕಲಿತರೆ ವರದಿ ಬರೆಯುವ ಕೈ ಕೆಡುತ್ತದೆ ಎಂದ ಒಬ್ಬ. ಪ್ರಶ್ನೆ ಏನು ಕೇಳಿದೆಯೋ ಅದಕ್ಕೆ ಉತ್ತರ ಕೊಡುವುದು ಕೆಡುವುದು ಹೇಗಾಯಿತು ಎಂದಳು ಇನ್ನೊಬ್ಬಳು. ಜಗಳ ಬಿಡಿಸಿದ್ದು ಶಿಡ್ಲಘಟ್ಟದವನ ರೇಷ್ಮೆ.

ರೇಷ್ಮೆಹುಳುವಿನ ಜೀವನಚಕ್ರ ಮತ್ತು ರೇಷ್ಮೆ ಬಟ್ಟೆಯ ತಯಾರಿಕೆ, ಈ ಚಿತ್ರ ಅಭ್ಯಾಸ ಪುಸ್ತಕಗಳಲ್ಲಿ ಬಹಳ ಹೆಸರಾದದ್ದು. ಮೊಟ್ಟೆ, ಹುಳು, ಗೂಡು, ಚಿಟ್ಟೆ. ಆಮೇಲೆ ಗೂಡು ಬೇಯಿಸುವುದು, ನೂಲು ಬಿಚ್ಚುವುದು, ಹುರಿ ಮಾಡುವುದು, ಬಣ್ಣ, ನೇಯ್ಗೆ. ಅವನ ಮನೆಯಲ್ಲಿ ಅದು ಚಿತ್ರವಲ್ಲ, ಬದುಕು. ನೋಡಿದವನೇ 'ಚಂದ್ರಿಕೆಯೇ ಇಲ್ವಲ್ಲೋ ಇದ್ರಲ್ಲಿ!' ಎಂದ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದಿಲ್ಲ, ನಾಲ್ಕು ಜ್ವರ ಏಳುವ ಮಾತಿಲ್ಲ, ರಾತ್ರಿ ಎದ್ದು ಸೊಪ್ಪು ಹಾಕುವವರಿಲ್ಲ, ಮಾರುಕಟ್ಟೆಯ ಹರಾಜಿಲ್ಲ. 'ಇದ್ರಲ್ಲಿ ರೈತನೇ ಇಲ್ಲ' ಎಂದು ನಕ್ಕ. ಆಮೇಲೆ ಪೆನ್ನು ಹಿಡಿದು ಚಿತ್ರದಲ್ಲಿದ್ದ ಹಂತಗಳನ್ನಷ್ಟೇ, ಒಂದರ ಹಿಂದೊಂದು, ವರ್ತಮಾನ ಕಾಲದಲ್ಲಿ ಬರೆದ: 'ದ ಕಕೂನ್ಸ್ ಆರ್ ಬಾಯ್ಲ್ಡ್. ದ ಥ್ರೆಡ್ ಈಸ್ ಅನ್‌ವೂಂಡ್.' ಇಸವಿ ಇಲ್ಲದ ತಯಾರಿಕೆಯ ಚಿತ್ರಕ್ಕೆ ಇದೇ ಕಾಲ, ಇದೇ ಧಾಟಿ. ಮೊದಲ ವಾಕ್ಯದಲ್ಲಿ ಎಷ್ಟು ಹಂತ, ಎಲ್ಲಿ ಶುರು, ಎಲ್ಲಿ ಕೊನೆ ಎಂದು ಹೇಳಿದರೆ ಸಮಗ್ರ ನೋಟವೂ ಬಂತು.

'ನನಗೆ ಗೊತ್ತಿರೋದೆಲ್ಲ ಬರೆದ್ರೆ ಅದು ನನ್ನ ವರದಿ. ಕಾಣ್ತಿರೋದು ಬರೆದ್ರೆ ಅದು ಅವರ ಉತ್ತರ. ಎರಡೂ ಬರಬೇಕು ಕಣ್ರೋ' ಎಂದ. ನಮ್ಮ ವಾದ ಅಲ್ಲಿಗೆ ನಿಂತಿತು. ಕಂಡದ್ದನ್ನು ಕಂಡಷ್ಟೇ ಹೇಳುವುದೂ ವರದಿಗಾರರು ಕಲಿಯಬೇಕಾದ ಶಿಸ್ತೇ. ಅಭಿಪ್ರಾಯ ಸಂಪಾದಕೀಯಕ್ಕೆ, ಇಲ್ಲಿ ಎರಡನೆಯ ಪ್ರಶ್ನೆಯ ಪ್ರಬಂಧಕ್ಕೆ. ಆದರೆ ಅದು ಕೆಲಸದ ಮೊದಲ ಅರ್ಧ ಮಾತ್ರ. ಪರೀಕ್ಷೆ ಆ ಅರ್ಧಕ್ಕೆ ಅಂಕ ಕೊಡುತ್ತದೆ, ಇನ್ನರ್ಧಕ್ಕೆ ಕೊಡುವುದಿಲ್ಲ. ಇದು ತಿಳಿದಿದ್ದರೆ ಕೈ ಕೆಡುವುದಿಲ್ಲ.

20 ನಿಮಿಷವನ್ನು ನಾವು ಹಂಚಿಕೊಂಡದ್ದು ಹೀಗೆ: ಮೂರು ನಿಮಿಷ ಬರೀ ನೋಡುವುದು, ಎರಡು ನಿಮಿಷ ಕ್ರಮ ಗುರುತು ಹಾಕಿಕೊಳ್ಳುವುದು, ಹನ್ನೆರಡು ನಿಮಿಷ ಬರೆಯುವುದು, ಮೂರು ನಿಮಿಷ ತಿದ್ದುವುದು. ನೋಡುವ ಮೂರು ನಿಮಿಷದಲ್ಲಿ ಪೆನ್ನು ಮುಟ್ಟಬಾರದು. ಅಕ್ಕನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಪಕ್ಕದವರು ಬರೆಯುವ ಸದ್ದು ಕೇಳಿದರೆ ತಾನು ಹಿಂದೆ ಬಿದ್ದೆ ಅನ್ನಿಸುತ್ತದೆ. 'ರೋಗಿಯನ್ನು ನೋಡದೆ ಚಾರ್ಟ್ ಬರೀತೀರಾ ಅಕ್ಕ?' ಎಂದು ತಮ್ಮ ಕೇಳಿದ ಮೇಲೆ ಆ ಮೂರು ನಿಮಿಷ ಅವರದಾಯಿತು.

ಎರಡನೆಯ ಸಲ ಅಕ್ಕನಿಗೆ ಬರವಣಿಗೆಯಲ್ಲಿ 6.5 ಬಂತು. ಉಳಿದ ಮೂರೂ 7ರ ಮೇಲೆಯೇ ನಿಂತವು. ಸೊಸೈಟಿಯ ಸಾಲ ಇನ್ನೂ ಇದೆ, ಮುಂದೆ ದಾಟಬೇಕಾದ ಪರೀಕ್ಷೆಗಳೂ ಕಾಗದಪತ್ರಗಳೂ ಇವೆ. ನಮ್ಮಿಬ್ಬರಲ್ಲಿ ಒಬ್ಬಳ ಸರದಿ ಮುಂದಿನ ತಿಂಗಳು.

ಕನ್ನಡ ಮಾಧ್ಯಮದಲ್ಲಿ ಓದಿ ಈ ಪರೀಕ್ಷೆಗೆ ಕೂರುವ ನಿಮಗೆ ಒಂದು ಮಾತು. ಪುಸ್ತಕದ ನಕ್ಷೆಗೆ ಹೋಗುವ ಮೊದಲು ನಿಮ್ಮೂರಿನ ಪೇಟೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ: ಇಪ್ಪತ್ತು ವರ್ಷದ ಹಿಂದೆ ಹೇಗಿತ್ತು, ಈಗ ಹೇಗಿದೆ. ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ, ಅವರು ದಿಕ್ಕು ಹೇಳುವ ಮಾತನ್ನು ಗಮನಿಸಿ. ಆಮೇಲೆ 150 ಪದಗಳಲ್ಲಿ, ನಕ್ಷೆಯಲ್ಲಿ ಇದ್ದದ್ದನ್ನಷ್ಟೇ ಇಂಗ್ಲಿಷಿನಲ್ಲಿ ಬರೆಯಿರಿ. ಹತ್ತು ಸಲ ಹೀಗೆ ಮಾಡಿದರೆ ಕೈ ಪಳಗುತ್ತದೆ. ಯಾರು ತೆಗೆದರು, ಯಾಕೆ ತೆಗೆದರು, ತೆಗೆದ ಮೇಲೆ ಆ ಅಂಗಡಿಯವರು ಎಲ್ಲಿ ಹೋದರು ಎಂಬುದು ಬರೆಯುವಾಗಲೇ ತಲೆಯಲ್ಲಿ ಏಳುತ್ತದೆ. ಅದನ್ನು ಪರೀಕ್ಷೆಯ ಹಾಳೆಗೆ ಹಾಕಬೇಡಿ. ಬೇರೆ ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ನಮ್ಮ ಪುಟಕ್ಕೆ ಕಳಿಸಿ.